ನಾ ನಿಮ್ಮ ಮಾರಿ ನೋಡ್ತೀನಿ

ಅಮೆರಿಕದ ಶಾಮ್‌ಬರ್ಗಿನಲ್ಲಿ ನಾವು ಮಾಂಸ ಕೊಳ್ಳುತ್ತಿದ್ದ ಅಂಗಡಿಯ ಹುಬ್ಬಳ್ಳಿ ಅಂಕಲ್‌ಗೆ ಫುಟ್ಬಾಲ್ ಹುಚ್ಚು, ಆದರೆ ಆಟ ನೋಡುವ ಧೈರ್ಯವಿರಲಿಲ್ಲ. ಯುರೋಪಿನ ಕ್ಲಬ್ಬುಗಳ ನಾಕೌಟ್ ಪಂದ್ಯಗಳು ಇಲ್ಲಿ ಮಧ್ಯಾಹ್ನ ಬರುತ್ತಿದ್ದವು. ಚೆಂಡು ಗೋಲಿನ ಹತ್ತಿರ ಹೋದರೆ ಸಾಕು, ಅವರು ಕತ್ತಿ ಕೆಳಗಿಟ್ಟು ಟಿವಿಗೆ ಬೆನ್ನು ಮಾಡುತ್ತಿದ್ದರು. "ಆಟ ನೀವು ನೋಡ್ರಿ, ನಾ ನಿಮ್ಮ ಮಾರಿ ನೋಡ್ತೀನಿ." ಗೋಲಾಯಿತೋ ತಪ್ಪಿತೋ ಎಂಬುದನ್ನು ನಮ್ಮ ಮುಖ ನೋಡಿಯೇ ತಿಳಿಯುತ್ತಿದ್ದರು.

ಆ ವರ್ಷದ ಸೆಮಿಫೈನಲ್ ಪೆನಾಲ್ಟಿಗೆ ಹೋದಾಗಲೇ ಸುಂಟರಗಾಳಿಯ ಸೈರನ್ ಕೂಗಿತು, ಕರೆಂಟೂ ಹೋಯಿತು. ಅಂಗಡಿಯಲ್ಲಿದ್ದ ನಮ್ಮನ್ನೆಲ್ಲ ಅಂಕಲ್ ಮಾಂಸ ಇಡುವ ತಣ್ಣನೆಯ ಕೋಣೆಗೆ ತಳ್ಳಿ ಬಾಗಿಲೆಳೆದರು. ಅವರ ಮಗಳು ಸ್ಕೂಲ್ ಬಸ್ಸಿನಲ್ಲಿ ದಾರಿಯಲ್ಲಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದರು. ಚಾವಣಿಯ ಮೇಲೆ ಏನೋ ಭಾರವಾದದ್ದು ಉರುಳಿದ ಸದ್ದಾಯಿತು.

ಕೊನೆಗೆ ಸ್ಕೂಲಿನಿಂದ ಮೆಸೇಜ್ ಬಂತು. ಅವರು ಅದನ್ನು ತೆರೆಯದೆ ಫೋನನ್ನು ನನ್ನ ಕೈಗಿಟ್ಟರು. "ನೀವು ಓದ್ರಿ" ಎಂದರು.

ಕತ್ತಲ ಕೋಣೆಯಲ್ಲಿ ಫೋನಿನ ಬೆಳಕು ನನ್ನ ಮುಖದ ಮೇಲೆ ಬಿದ್ದಿತ್ತು. ಅವರು ಅದನ್ನೇ ನೋಡುತ್ತಿದ್ದರು. ಬಸ್ಸು ಮಕ್ಕಳೊಂದಿಗೆ ಸ್ಕೂಲಿಗೇ ಮರಳಿದೆ, ಎಲ್ಲರೂ ಕ್ಷೇಮ ಎಂದಿತ್ತು. ಹೇಳಲು ಬಾಯಿ ತೆರೆದೆ. ಚಳಿಗೆ ತುಟಿ ಅದುರಿತು.

ಅಷ್ಟನ್ನು ಕಂಡೇ ಅವರು ನೆಲಕ್ಕೆ ಕುಸಿದರು.