ಹೇಮಕೂಟದಲ್ಲಿ ಫೋಟೊ ತೆಗೆದುಕೊಟ್ಟವರು

ಹಂಪಿಯ ಹೇಮಕೂಟದಲ್ಲಿ ಕಾದ ಬಂಡೆಗೆ ಮೊಣಕಾಲೂರಿ ನಮ್ಮ ಫೋಟೊ ತೆಗೆಯುತ್ತಿದ್ದ ಜಪಾನಿ ಪ್ರವಾಸಿಯನ್ನು ಕಂಡು, ಅವರದೇ ದೇಶದ ಅಜ್ಜ ಒಬ್ಬರು ಟೋಪಿ ತೆಗೆದು ಸೊಂಟದವರೆಗೆ ಬಾಗಿದರು.

ಕಂಪ್ಲಿಯಿಂದ ಬಂದ ಬೀಗರೂ ಸೇರಿ ನಾವು ಹನ್ನೊಂದು ಮಂದಿ. ಒಬ್ಬರೂ ಫೋಟೊದಿಂದ ತಪ್ಪಬಾರದೆಂದು, ಅಲ್ಲೇ ನಿಂತಿದ್ದ ಆ ಪ್ರವಾಸಿಯ ಕೈಗೆ ನಾನೇ ಫೋನ್ ತುರುಕಿದ್ದೆ. 'ಇನ್ನೊಂದು, ಇನ್ನೊಂದು' ಎಂದು ಏಳೆಂಟು ಸಲ ತೆಗೆಸಿದ್ದೆ.

ಅಜ್ಜನ ಜೊತೆಗಿದ್ದ ಹೊಸಪೇಟೆಯ ಗೈಡ್ ಅವರನ್ನು ವಿಚಾರಿಸಿ ನನ್ನತ್ತ ತಿರುಗಿ, "ಯಾರ ಕೈಗೆ ಫೋನ್ ಕೊಟ್ಟೀರಿ ಗೊತ್ತೇನ್ರಿ? ಜಪಾನ್ ಟೀಮಿನಾಗ ಫುಟ್‌ಬಾಲ್ ಆಡಿದವರಂತ್ರಿ ಇವರು!" ಎಂದರು. ನಾನು ನಾಚಿ ನೀರಾದೆ. ನಮ್ಮ ಜೊತೆ ಒಂದು ಫೋಟೊಕ್ಕೆ ನಿಲ್ಲಿ ಎಂದು ಕೈಮುಗಿದೆ. ಅವರು ನಕ್ಕು ಹೇಳಿದ್ದನ್ನು ಗೈಡ್ ಕನ್ನಡದಲ್ಲಿ ಹೇಳಿದರು: "ಬ್ಯಾಡ ಅಂತಾರ್ರಿ. ಟೀಮಿನಾಗ ಇವರಿಗಿಂತ ಭಾಳ ಫೇಮಸ್ ಆಟಗಾರ ಒಬ್ಬ ಇದ್ನಂತ. ಜನ ಅವನ ಪಕ್ಕ ನಿಂತು, ಇವರ ಕೈಗೇ ಫೋನ್ ಕೊಡ್ತಿದ್ರಂತ. ಆಡಿದಷ್ಟು ವರ್ಷಾನೂ ಹಂಗಾ, ರೂಢಿ ಆಗೈತಂತ್ರಿ."

ಅವರು ತೆಗೆದ ಆ ಫೋಟೊ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅದರಲ್ಲಿ ಅವರಿಲ್ಲ. ಆದರೆ ನಾವು ಹನ್ನೊಂದೂ ಮಂದಿ ಅವರನ್ನೇ ನೋಡುತ್ತಿದ್ದೇವೆ.