ಒಂದು ಚಿಟಿಕೆ ಸೋಡಾ

ಮದುವೆಯಾಗಿ ವಿಜಾಪುರದಿಂದ ಮುಂಬಯಿಗೆ, ಘಾಟ್ಕೋಪರಿನ ಚಾಳಿನ ಒಂದು ಖೋಲಿಗೆ ಬಂದ ಮೊದಲ ವರ್ಷ ನನಗೆ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಎಡಕ್ಕೂ ಬಲಕ್ಕೂ ಗುಜರಾತಿಗಳು. ಅವರು ನಕ್ಕರೆ ನಾನೂ ನಗಬೇಕು, ಅಷ್ಟೇ. ನಮ್ಮ ಯಜಮಾನರು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವವರು. ಬೆಳಗಿನ ಲೋಕಲ್ ರೈಲು ಹಿಡಿದರೆ ದೀಪ ಹಚ್ಚಿದ ಮೇಲೇ ಮುಖ ಕಾಣುವುದು. ಭಾನುವಾರವಾದರೂ ಮನೆಯಲ್ಲಿರುತ್ತಾರೋ ಎಂದರೆ, ವಡಾಲದ ಗೆಳೆಯರಲ್ಲಿಗೆ ಇಸ್ಪೀಟಿಗೆ!

ಬೇಸರವೆಂದು ಹೊಸ ಗಂಡನ ಮುಂದೆ ಹೇಳುವುದು ಹೇಗೆ? ಒಂದು ದಿನ ಬಡಿಸುವಾಗ ಸಿಟ್ಟೆಲ್ಲ ನೀರಿನ ಮೇಲೆ ಹಾಕಿದೆ.

"ಇಲ್ಲಿ ನೀರು ಬರೇ ಸಪ್ಪಗ ಅದಾವ್ರೀ. ನನಗ ಸೇರವಲ್ಲವು."

ಅವರ ಕಣ್ಣು ಅರಳಿದವು. ಆ ಭಾನುವಾರ ಇಸ್ಪೀಟು ಬಿಟ್ಟು, ಲ್ಯಾಬಿನಿಂದ ತಂದ ಶೀಶೆ, ಗಾಜಿನ ಕೊಳವೆ ಹರವಿಕೊಂಡು ನನ್ನ ಪಕ್ಕದಲ್ಲೇ ನೆಲಕ್ಕೆ ಕುಳಿತರು. ನೀರಿಗೆ ಎಂಥದೋ ಔಷಧಿ ಬಿಟ್ಟರು, ಹಳದಿಯಾಯಿತು.

"ಈಗ ಆ್ಯಸಿಡ್ ಬಿಡ್ತೀನಿ. ಕೆಂಪಾಗೂತನಕ ಹನಿ ಎಣಸು. ಹನಿ ಹೆಚ್ಚು ಹಿಡದ್ರ ಕ್ಷಾರ ಹೆಚ್ಚು. ನಿಮ್ಮ ಅಡಗಿ ಸೋಡಾ ಇರತೈತಲ್ಲ, ಅಂಥಾದ್ದು."

ನಾನು ಎಣಿಸಲು ಬಾಯಿ ತೆರೆಯುವಷ್ಟರಲ್ಲಿ ಕೆಂಪಾಗಿಯೇ ಬಿಟ್ಟಿತು. "ಚಲೋ ನೀರು!" ಎಂದು ಎದ್ದು ಚಪ್ಪಲಿ ಮೆಟ್ಟಿದರು. ಸುಡಲಿ ಆ ಚಲೋ ನೀರು!

ಮುಂದಿನ ವಾರ "ಮತ್ತೊಮ್ಮೆ ನೋಡ್ರಿ" ಎಂದೆ. ಅವರು ಸ್ನಾನಕ್ಕೆ ಹೋದಾಗ ತಂಬಿಗೆಯ ನೀರಿಗೆ ಒಂದು ಚಿಟಿಕೆ ಸೋಡಾ ಹಾಕಿ ಕಲಕಿಟ್ಟಿದ್ದೆ. ಊರಿನ ಗಡಸು ನೀರಿನಲ್ಲಿ ಬೇಳೆ ಬೇಯದಿದ್ದಾಗ ಹಾಕಿ ರೂಢಿಯಾದ ಕೈ. ಈಗ ಹನಿ ಬಿಟ್ಟಷ್ಟೂ ನೀರು ಹಳದಿಯೇ! ನಾನು ಎಣಿಸುತ್ತ ಹೋದೆ. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ನಡುವೆ ಚಹಾ ಮಾಡಿದೆ, ತವರಿನ ಸುದ್ದಿ ಹೇಳಿದೆ, ಇಬ್ಬರೂ ನಕ್ಕೆವು. ಮುಂಬಯಿ ನನಗೆ ಸೇರಿದ್ದು ಅದೊಂದು ಮಧ್ಯಾಹ್ನ.

ಕೊನೆಗೆ ನೀರು ಕೆಂಪಾದಾಗ ಅವರ ಮುಖ ಸಣ್ಣದಾಯಿತು.

"ನಿನ್ನ ಮಾತು ಖರೇ. ಇಲ್ಲೀ ಪೈಪ್ ಕೆಟ್ಟಿರಬೇಕು. ಈ ನೀರು ನಿನಗ ಬ್ಯಾಡ. ಸ್ವಲ್ಪ ದಿನ ತವರಮನಿಗೆ ಹೋಗು, ಅಷ್ಟರಾಗ ಬ್ಯಾರೆ ಖೋಲಿ ನೋಡ್ತೀನಿ."

ಅಯ್ಯೋ, ಮಾಡಲು ಹೋದದ್ದೇನು, ಆದದ್ದೇನು! ನಿಜ ಹೇಳಲು ನಾಚಿಕೆ ಬಿಡಲಿಲ್ಲ. ಅಣ್ಣ ಬಂದ, ಕರೆದುಕೊಂಡು ಹೊರಟ. ರೈಲಿನ ಕಿಟಕಿಯಲ್ಲಿ ಯಜಮಾನರು ಖಾಲಿ ಶೀಶೆಯೊಂದನ್ನು ನನ್ನ ಕೈಗಿತ್ತರು.

"ಬರೂಮುಂದ ನಿಮ್ಮ ಬಾವಿ ನೀರು ತಗೊಂಡು ಬಾ. ಇಬ್ಬರೂ ಕೂತು ನೋಡೂಣು. ಅವತ್ತ ನನಗೂ ಭಾಳ ಚಲೋ ಅನಿಸಿತ್ತು."

ರೈಲು ಹೊರಟಿತು. ಆ ಮಾತು ಅವತ್ತೇ ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನನ್ನದಾದರೂ ಏನು ಹೋಗುತ್ತಿತ್ತು?