ಮೂರನೇ ಟ್ಯಾಂಕಿನ ಕೆಂಪು ವೈನು

ಜೂನ್ ೧೯, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಪುಣೆ ಕಡೆಯ ಶಿರೂರಿನಾಚೆ ನಾನೂ ನನ್ನ ಚಿಕ್ಕಪ್ಪ ಕಾಕಾನೂ ಕೆಲಸ ಮಾಡುತ್ತಿದ್ದ ವೈನರಿಯಲ್ಲಿ ಆ ವರ್ಷದ ಕೆಂಪು ವೈನಿನ ಐದು ಟ್ಯಾಂಕುಗಳ ಪರೀಕ್ಷೆ ಶುರುವಾಯಿತು. ಕಾಕಾ ಮೂಸಿ, ಬಾಯಲ್ಲಿ ಮುಕ್ಕಳಿಸಿ, ಉಗುಳಿ, ಹೇಳುವುದು, ನಾನು ಬರೆಯುವುದು. ಚಹಾ ಕೂಡ ಕುಡಿಯದೆ, ಖಾಲಿ ಹೊಟ್ಟೆಯಲ್ಲಿ. ಯಾವುದಕ್ಕೆ ಯಾವುದನ್ನು ಬೆರೆಸಬೇಕೆಂದು ಸಂಜೆಯೊಳಗೆ ಮಾಲೀಕರಿಗೆ ತಿಳಿಸಬೇಕಿತ್ತು.

ಪುಣೆಯ ಸದಾಶಿವ ಪೇಠದ ಮನೆಯಲ್ಲಿ ಕಾಕಾರ ಹೆಂಡತಿ ಕಾಕೂ ನಗುತ್ತಿದ್ದಳು: “ಇಪ್ಪತ್ತೆರಡು ವರ್ಷ ಆತು, ಉಗುಳೂದಕ್ಕ ಪಗಾರ ತೊಗೋತಾರ ಇವರು!”

“ನುಂಗಿದ್ರ ನೀ ಮನಿಯೊಳಗ ಬಿಟ್ಟಗೋತಿದ್ದೇನು?” ಎನ್ನುತ್ತಿದ್ದರು ಕಾಕಾ.

ಈ ವೈನಿನಲ್ಲಿ ಸಿಹಿ ಇರುವುದಿಲ್ಲ; ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಮುಗಿದಿರುತ್ತದೆ. ನಮ್ಮ ಚಳಿ ದ್ರಾಕ್ಷಿ ಬಳ್ಳಿಯನ್ನು ಮಲಗಿಸುವಷ್ಟು ಗಟ್ಟಿಯಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿಸಿ ಒಂದೇ ಸಲ ಹಣ್ಣು ತೆಗೆಯುತ್ತೇವೆ. ಕಪ್ಪು ಕಲ್ಲಿನ ಮೇಲೆ ತೆಳು ಮಣ್ಣು, ಫೆಬ್ರವರಿಯ ಬಿಸಿಲು, ರಾತ್ರಿಯ ತಂಪು. ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಅದರಿಂದಲೇ ನೇರಳೆಯ ಬಣ್ಣ, ಕರಿಮೆಣಸಿನ ವಾಸನೆ, ಹಲ್ಲಿಗೆ ಅಂಟುವ ಒಗರು. ಇದನ್ನೆಲ್ಲ ನನಗೆ ಕಲಿಸಿದ್ದು ಕಾಕಾ.

ಮೂರನೇ ಟ್ಯಾಂಕಿನ ನಲ್ಲಿ ತಿರುಗಿಸಿದಾಗ ಮಾರು ದೂರ ನಿಂತಿದ್ದ ನನಗೇ ವಿನೆಗರಿನ ವಾಸನೆ ಹೊಡೆಯಿತು. ಕಾಕಾ ಗ್ಲಾಸಿಗೆ ಮೂಗಿಟ್ಟು ಕಣ್ಣು ಮುಚ್ಚಿದರು.

“ಬರ್ಕೋ. ನೇರಳಿ, ಕರಿಮೆಣಸು, ತುಸು ಹೊಗಿ. ಹುಳಿ ಜರಾ ಜಾಸ್ತಿ. ಎಳೇ ವೈನು, ಇರ್ತದ.”

ನಾನು ಹಿಂದಿನ ಪುಟಗಳನ್ನು ತಿರುವಿದೆ. ಸಂಕ್ರಾಂತಿಯಲ್ಲಿ ಅವರಿಗೆ ಜ್ವರ ಬಂದ ಮೇಲೆ ಹದಿನಾಲ್ಕು ಸಲ ಬರೆದುಕೊಂಡಿದ್ದೆ. ಹನ್ನೊಂದರಲ್ಲಿ ಅವೇ ಮಾತುಗಳು, ಅದೇ ಕ್ರಮ. ಹುಳಿ, ಒಗರು ನಾಲಿಗೆಗೆ ತಿಳಿಯುತ್ತಿದ್ದವು. ಉಳಿದದ್ದೆಲ್ಲ ನೆನಪಿನಿಂದ.

“ಕಾಕಾ, ಜ್ವರ ಬಂದಾಗಿಂದ ನಿಮಗ ವಾಸನಿ ಬರವಲ್ದೇನ್ರಿ?”

ಅವರು ಗ್ಲಾಸನ್ನು ಎರಡು ಸಲ ತೊಳೆದರು.

“ನೀ ನನ್ನ ಕಿವಿಯಾಗ ಹೇಳು, ನಾ ಮಾಲೀಕರಿಗೆ ಹೇಳ್ತೀನಿ. ರಿಟೈರ್ ಆಗೂತನಕ ಎರಡು ವರ್ಷದ ಮಾತದ. ಈ ವಯಸ್ಸಿನಾಗ ಮೂಗಿಲ್ಲದವನ್ನ ಯಾರು ಇಟ್ಗೋತಾರವಾ?”

ನಾನು ಒಪ್ಪಿದೆ. ಐದೂ ಟ್ಯಾಂಕುಗಳನ್ನು ಮತ್ತೆ ಮೂಸಿ ಹೇಳಿದೆ. ಮೂರನೆಯದು ಕೆಟ್ಟಿದೆ, ಬೆರೆಸಬಾರದೆಂದು ಕಾಕಾ ತಾವೇ ಕಂಡುಹಿಡಿದಂತೆ ವರದಿ ಕೊಟ್ಟರು. ಮಾಲೀಕರು ಶಾಬಾಸ್ ಎಂದರು. ನಂತರ ಎಂದಿನಂತೆ ನನ್ನ ಪುಸ್ತಕ ಕೇಳಿದರು.

ಅವರು ಓದಲೆಂದು ನಾನು ಮರಾಠಿಯಲ್ಲೇ ಬರೆಯುತ್ತಿದ್ದೆ. ಆ ದಿನದ ಪುಟದ ಕೆಳಗೆ, ಎಲ್ಲವನ್ನೂ ಎಣಿಸಿಡುವ ನನ್ನ ರೂಢಿಯಂತೆ, ಲೆಕ್ಕ ಹಾಕಿದ್ದೆ: ವಾಸನೆ ತಿಳಿದದ್ದು, ಕಾಕಾ ಸೊನ್ನೆ, ನಾನು ಐದು. ಹರಿದುಹಾಕಬಹುದಿತ್ತು. ಪುಟ ಹರಿದ ಪುಸ್ತಕ ನನ್ನ ಹತ್ತಿರ ಒಂದೂ ಇಲ್ಲ. ಹಾಗೇ ಕೊಟ್ಟೆ.

ಮಾಲೀಕರು ದನಿ ಎತ್ತಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದಷ್ಟೇ ಕಾಕಾಗೆ ಹೇಳಿದರು. ಪುಣೆಗೆ ಮರಳುವ ಬಸ್ಸಿನಲ್ಲಿ ಕಾಕಾ ಒಂದೇ ಮಾತಾಡಿದರು: “ನಿನ್ನ ಅಕ್ಷರ ಮಾತ್ರ ಭಾಳ ಚಲೋ ಅವ.”

ಈಗ ಟ್ಯಾಂಕುಗಳನ್ನು ನಾನೇ ಮೂಸುತ್ತೇನೆ. ಡಾಕ್ಟರು ಹೇಳಿದಂತೆ ಕಾಕಾ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ ಮೂಸುತ್ತಾರೆ. ತೊಂಬತ್ನಾಲ್ಕು ದಿನವಾಯಿತು. ಅರವತ್ತೆರಡನೆಯ ದಿನ “ನಿಂಬಿ!” ಎಂದರು. ಕಾಕೂ ಹಿಡಿದಿದ್ದು ಲವಂಗ. ಅವಳು ಹೌದೆಂದಳು.

ಜ್ವರದಲ್ಲಿ ಹೋದ ವಾಸನೆ ಮರಳಿ ಬಂದವರು ಇದನ್ನು ಓದುತ್ತಿದ್ದರೆ, ಎಷ್ಟನೇ ದಿನಕ್ಕೆ ಬಂತು, ಯಾವುದು ಮೊದಲು ಬಂತು, ದಯವಿಟ್ಟು ಬರೆದು ತಿಳಿಸಿ. ಬರಲೇ ಇಲ್ಲ ಎನ್ನುವವರೂ ಬರೆಯಿರಿ.